ಪೇವರ್ ಸಂದಿಯ ಇರುವೆಗೆ ಪೌಡರ್, ಸ್ಪ್ರೇ, ಪಾಲಿಮರ್ ಮರಳು ಎಲ್ಲಾ ಹಾಕಿ ನೋಡಿದೆ, ಕೆಲಸ ಮಾಡಿದ್ದು ಪಿ-ಸ್ಯಾಂಡ್ (ಪ್ಲಾಸ್ಟರಿಂಗ್ ಮರಳು)

ಮೈಸೂರಿನಲ್ಲಿ ನಮ್ಮ ಮನೆ ಮುಂದೆ ಸುಮಾರು ಮುನ್ನೂರು ಚದರ ಅಡಿ ಜಾಗಕ್ಕೆ ಇಂಟರ್‌ಲಾಕ್ ಹಾಕಿಸಿದ್ದೇವೆ. ಅದೇ ಝಿಗ್‌ಝ್ಯಾಗ್ ಆಕಾರದ, ಕೆಂಪು ಬೂದು ಬಣ್ಣದ ಪೇವರ್ ಬ್ಲಾಕ್. ಕಾರು ನಿಲ್ಲುವುದು ಅಲ್ಲೇ, ಬೆಳಿಗ್ಗೆ ಅತ್ತೆ ರಂಗೋಲಿ ಹಾಕುವುದು ಅಲ್ಲೇ, ಸಂಜೆ ಮಗಳು ಬರಿಗಾಲಲ್ಲಿ ಆಡುವುದೂ ಅಲ್ಲೇ. ಹಾಕಿಸಿದ ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಎರಡನೇ ವರ್ಷದ ಬೇಸಿಗೆಯಲ್ಲಿ ಸಂದಿಗಳ ಮೇಲೆ ಸಣ್ಣ ಸಣ್ಣ ಮರಳಿನ ಗುಡ್ಡೆ ಕಾಣಿಸಿತು. ಗುಡಿಸಿದರೆ ಮಾರನೇ ಬೆಳಿಗ್ಗೆ ಮತ್ತೆ ಅಲ್ಲೇ ಗುಡ್ಡೆ. ಸಣ್ಣ ಕೆಂಪಿರುವೆ. ಮಗಳ ಕಾಲಿಗೆ ಒಂದು ಸಂಜೆ ಹತ್ತಾರು ಒಟ್ಟಿಗೆ ಹತ್ತಿ ಕಚ್ಚಿದವು, ಎರಡು ದಿನ ಪಾದ ಊದಿಕೊಂಡಿತ್ತು, ತುರಿಕೆಗೆ ಅವಳು ರಾತ್ರಿ ನಿದ್ದೆ ಮಾಡಲಿಲ್ಲ. ಆವತ್ತಿನಿಂದ ನಾನು ಇದರ ಹಿಂದೆ ಬಿದ್ದೆ.

ಮೂರು ವರ್ಷದಲ್ಲಿ ಏನೇನು ಕೊಂಡೆ, ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ ಅಂತ ಬರೆಯುತ್ತಿದ್ದೇನೆ. ಇಂಟರ್‌ಲಾಕ್ ಹಾಕಿಸಿಕೊಂಡ ಎಷ್ಟೋ ಮನೆಗಳಲ್ಲಿ ಇದೇ ಕಥೆ ಇದೆ, ಎಲ್ಲರೂ ಪೌಡರ್ ಉದುರಿಸುತ್ತಾ ಕೂತಿದ್ದಾರೆ.

ಪೌಡರ್‌ನಿಂದಲೇ ಶುರು ಮಾಡುತ್ತೇನೆ. ಅಂಗಡಿಯಲ್ಲಿ ಇರುವೆ ಪುಡಿ ಅಂತ ಕೇಳಿದರೆ ಕೊಡುವ ಪ್ಯಾಕೆಟ್ ತಂದು ಸಂದಿಗುಂಟ ಉದುರಿಸಿದೆ. ಎರಡು ದಿನ ಇರುವೆ ಕಾಣಿಸಲಿಲ್ಲ. ಮೂರನೇ ದಿನ ಮೂರು ಅಡಿ ಆಚೆ ಹೊಸ ಗುಡ್ಡೆ. ಮತ್ತೆ ಅಲ್ಲಿ ಉದುರಿಸಿದರೆ ಗೇಟಿನ ಹತ್ತಿರ ಹೋದವು. ಮಳೆ ಬಂದರೆ, ಅಥವಾ ಬೆಳಿಗ್ಗೆ ನೀರು ಹಾಕಿ ತೊಳೆದರೆ ಪುಡಿ ಅಷ್ಟೂ ಹೋಗುತ್ತದೆ. ಸೀಮೆಸುಣ್ಣದ ಥರ ಗೆರೆ ಎಳೆಯುವುದು ಮನೆ ಒಳಗೆ ಅಡುಗೆ ಕಟ್ಟೆಗೆ ಪರವಾಗಿಲ್ಲ, ಹೊರಗಡೆ ಒಂದು ದಿನದ ಬಿಸಿಲು ಧೂಳಿಗೇ ಮುಗಿಯಿತು. ಅರಿಶಿನ ಹಾಕಿದರೆ ಸುತ್ತಿಕೊಂಡು ಹೋಗುತ್ತವೆ, ಅಷ್ಟೇ.

ಇನ್ನೊಂದು ಮಾತು. ಪಕ್ಕದ ಮನೆಯ ಹಿರಿಯರು ಈಗಲೂ "ಗಮಾಕ್ಸಿನ್ ತಂದು ಹಾಕಮ್ಮ, ಒಂದೇ ಸಲಕ್ಕೆ ಹೋಗುತ್ತೆ" ಅನ್ನುತ್ತಾರೆ. ಅವರ ಕಾಲದಲ್ಲಿ ಎಲ್ಲರೂ ಅದನ್ನೇ ಹಾಕುತ್ತಿದ್ದರು, ತಪ್ಪಿಲ್ಲ. ಆದರೆ ಆ ಗಮಾಕ್ಸಿನ್, ಅಂದರೆ ಬಿಎಚ್‌ಸಿ ಅನ್ನುವ ಕೀಟನಾಶಕ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧ ಮಾಡಿದ್ದಾರೆ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷ. ಯಾರಾದರೂ ಹಳೇ ಸ್ಟಾಕು ಅಂತ ಬಿಡಿಯಾಗಿ ಕೊಟ್ಟರೂ ದಯವಿಟ್ಟು ತರಬೇಡಿ, ಮಕ್ಕಳು ಕೂರುವ ಜಾಗ ಅದು.

ಆಮೇಲೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದೆ. ಯಾರು ಅಂತ ಹೆಸರು ಬೇಡ. ಒಬ್ಬ ಹುಡುಗ ಬೆನ್ನಿಗೆ ಪಂಪ್ ಹಾಕಿಕೊಂಡು ಬಂದ, ಇಪ್ಪತ್ತು ನಿಮಿಷದಲ್ಲಿ ಇಡೀ ಅಂಗಳಕ್ಕೆ ಹೊಡೆದು, ಮೂರು ತಿಂಗಳು ಗ್ಯಾರಂಟಿ ಅಂತ ಚೀಟಿ ಕೊಟ್ಟು ಹೋದ. ಇಪ್ಪತ್ತನೇ ದಿನಕ್ಕೆ ಇರುವೆ ವಾಪಸ್. ಫೋನ್ ಮಾಡಿದರೆ ಇನ್ನೊಂದು ಸಲ ಹೊಡೆದರು, ಅದೂ ಅಷ್ಟೇ ದಿನ. ಹುಡುಗನ ಮೇಲೆ ನನಗೆ ಕೋಪ ಇಲ್ಲ, ಅವನಿಗೆ ಹೇಳಿಕೊಟ್ಟಿದ್ದನ್ನು ಅವನು ಮಾಡಿದ. ಆದರೆ ಈ ಕೆಲಸಕ್ಕೆ ಆ ದಾರಿ ಸರಿ ಇಲ್ಲ. ಮೇಲೆ ಓಡಾಡುವ ಇರುವೆ ಗೂಡಿನಲ್ಲಿ ಇರುವುದರ ಒಂದು ಸಣ್ಣ ಪಾಲು. ರಾಣಿ, ಮೊಟ್ಟೆ, ಮರಿ ಎಲ್ಲಾ ಬ್ಲಾಕಿನ ಕೆಳಗೆ ಇರುತ್ತವೆ. ಮೇಲಿನವು ಸತ್ತರೆ ಕೆಳಗೆ ಇನ್ನಷ್ಟು ಹುಟ್ಟುತ್ತವೆ. ಜೊತೆಗೆ ನಮ್ಮ ಅಂಗಳದ ನೀರು ಹೋಗುವುದು ಇಂಗುಗುಂಡಿಗೆ. ಸಂದಿಯಲ್ಲಿ ಸುರಿದ ಔಷಧಿ ಮಳೆಯಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಯೋಚನೆ ಬಂದ ಮೇಲೆ ನಾನು ಸ್ಪ್ರೇ ನಿಲ್ಲಿಸಿಬಿಟ್ಟೆ.

ಕುದಿಯುವ ನೀರನ್ನೂ ಸುರಿದೆ. ಸುರಿದ ಜಾಗದಲ್ಲಿ ಸಾಯುತ್ತವೆ ನಿಜ. ಆದರೆ ಸಂದಿಯಲ್ಲಿ ಇದ್ದ ಅಲ್ಪಸ್ವಲ್ಪ ಮರಳೂ ಅದರ ಜೊತೆ ತೊಳೆದು ಹೋಯಿತು, ಪಾತಿಯ ಅಂಚಿನಲ್ಲಿದ್ದ ದಾಸವಾಳದ ಬೇರಿಗೂ ಬಿಸಿ ತಗುಲಿ ಗಿಡ ಒಂದು ಕಡೆ ಒಣಗಿತು. ಅದು ಅತ್ತೆ ನೆಟ್ಟ ಗಿಡ. ಇವತ್ತಿಗೂ ಅದಕ್ಕೆ ನನಗೆ ಬೇಜಾರಿದೆ.

ಇಲ್ಲಿವರೆಗೆ ನಾನು ಮಾಡಿದ್ದೆಲ್ಲಾ ಇರುವೆ ಕೊಲ್ಲುವ ಕೆಲಸ. ಅವು ಇಲ್ಲಿಗೇ ಯಾಕೆ ಬರುತ್ತವೆ ಅಂತ ನೋಡಿರಲಿಲ್ಲ. ನೋಡುವಂತೆ ಮಾಡಿದ್ದು ಒಂದು ಅಲುಗಾಡುವ ಬ್ಲಾಕ್. ಕಾರಿನ ಚಕ್ರ ಹತ್ತಿದಾಗ ಅದು ಟಕ್ ಅಂತ ಶಬ್ದ ಮಾಡುತ್ತಿತ್ತು. ಒಂದು ಭಾನುವಾರ ಎರಡು ಚಪ್ಪಟೆ ಸ್ಕ್ರೂಡ್ರೈವರ್ ತಗೊಂಡು ಎರಡು ಕಡೆಯಿಂದ ಎತ್ತಿ ಆ ಬ್ಲಾಕ್ ಹೊರಗೆ ತೆಗೆದೆ. ಕೆಳಗೆ ಕಂಡದ್ದನ್ನು ನಾನು ಮರೆಯುವುದಿಲ್ಲ. ಪೆನ್ಸಿಲ್ ದಪ್ಪದ ಸುರಂಗಗಳು, ಬೆರಳಷ್ಟು ಅಗಲದ ಒಂದು ಕೋಣೆ, ಅದರ ತುಂಬಾ ಅಕ್ಕಿ ನುಚ್ಚಿನ ಹಾಗೆ ಬಿಳಿ ಬಿಳಿ ಮೊಟ್ಟೆ ಮರಿ. ಪಕ್ಕದ ಇನ್ನೊಂದು ಗುಳಿಯಲ್ಲಿ ಹುಲ್ಲಿನ ಬೀಜ ಗುಡ್ಡೆ ಹಾಕಿದ್ದವು. ಬೆಳಕು ಬಿದ್ದ ತಕ್ಷಣ ಒಂದೊಂದು ಇರುವೆ ಒಂದೊಂದು ಮರಿ ಕಚ್ಚಿಕೊಂಡು ಪಕ್ಕದ ಬ್ಲಾಕಿನ ಕೆಳಗೆ ಓಡಿದವು. ನೋಡುತ್ತಿದ್ದ ಹಾಗೆ ಎರಡು ಮೂರು ನಿಮಿಷದಲ್ಲಿ ಕೋಣೆ ಖಾಲಿ.

ಆಗ ನನ್ನ ಗಮನ ಪಕ್ಕದ ಸಂದಿಗೆ ಹೋಯಿತು. ಬ್ಲಾಕ್ ತೆಗೆದಿದ್ದರಿಂದ ಸಂದಿಯ ಒಳಭಾಗ ಪಕ್ಕದಿಂದ ಕಾಣಿಸುತ್ತಿತ್ತು. ಮೇಲೆ ಅರ್ಧ ಇಂಚು ಮರಳು ಗಟ್ಟಿಯಾಗಿ ಕೂತಿದೆ, ಅದರ ಕೆಳಗೆ ಪೂರ್ತಿ ಖಾಲಿ. ಅಂದರೆ ಸಂದಿ ತುಂಬಿದೆ ಅಂತ ನಾನು ಅಂದುಕೊಂಡಿದ್ದೆ, ನಿಜವಾಗಿ ಅದಕ್ಕೆ ಮುಚ್ಚಳ ಮಾತ್ರ ಇತ್ತು. ನಮ್ಮದು 60 ಮಿಲಿಮೀಟರ್ ದಪ್ಪದ ಬ್ಲಾಕ್. ಅಷ್ಟು ಆಳದ ಸಂದಿಯಲ್ಲಿ ಮುಕ್ಕಾಲು ಪಾಲು ಇರುವೆಗೆ ರೆಡಿ ಮನೆ. ಮೇಲೆ ಕಾಂಕ್ರೀಟ್ ಸೂರು, ಬಿಸಿಲಿಗೆ ಬೆಚ್ಚಗೆ, ಮಳೆ ನೀರು ನಿಲ್ಲುವುದಿಲ್ಲ, ಕೆಳಗೆ ಅಗೆಯಲು ಸಡಿಲ ಮರಳು. ಅವು ಯಾಕೆ ಬೇರೆ ಕಡೆ ಹೋಗುತ್ತವೆ ಹೇಳಿ!

ಇದನ್ನು ನೀವೂ ಪರೀಕ್ಷೆ ಮಾಡಬಹುದು, ಬ್ಲಾಕ್ ತೆಗೆಯುವುದು ಬೇಡ. ತೆಂಗಿನ ಕಡ್ಡಿ ಪೊರಕೆಯಿಂದ ಒಂದು ಗಟ್ಟಿ ಕಡ್ಡಿ ತಗೊಂಡು ಸಂದಿಯಲ್ಲಿ ಮೆಲ್ಲಗೆ ಒತ್ತಿ. ಸರಿಯಾಗಿ ತುಂಬಿದ ಸಂದಿಯಲ್ಲಿ ಕಡ್ಡಿ ಸ್ವಲ್ಪವೇ ಹೋಗಿ ನಿಂತು ಬಾಗುತ್ತದೆ. ನಮ್ಮಲ್ಲಿ ಅದು ಪುಸಕ್ಕನೆ ಎರಡು ಇಂಚು ಇಳಿಯಿತು. ಹತ್ತು ಕಡೆ ಚುಚ್ಚಿದೆ, ಏಳು ಕಡೆ ಹಾಗೇ ಆಯಿತು. ಗುಡ್ಡೆ ಇದ್ದ ಜಾಗದಲ್ಲೆಲ್ಲಾ ಸಂದಿ ಟೊಳ್ಳು.

ಯಾಕೆ ಹೀಗಾಯಿತು ಅಂತ ಪರಿಚಯದ ಒಬ್ಬ ಮೇಸ್ತ್ರಿಯವರನ್ನು ಕರೆದು ತೋರಿಸಿದೆ. ಅವರು ಬಗ್ಗಿ ಸಂದಿಯ ಮರಳನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ಎಂ-ಸ್ಯಾಂಡ್ ಅಕ್ಕ, ಸಂದಿಗೆ ಇದನ್ನ ಹಾಕಬಾರದಿತ್ತು" ಅಂದರು. ಎಂ-ಸ್ಯಾಂಡ್ ಅಂದರೆ ಕಲ್ಲು ಪುಡಿ ಮಾಡಿ ತಯಾರಿಸುವ ಮರಳು, ಅದರಲ್ಲಿ 4.75 ಮಿಲಿಮೀಟರ್‌ವರೆಗಿನ ಕಾಳು ಇರುತ್ತದೆ. ಪೇವರ್ ಸಂದಿ ಇರುವುದೇ 2ರಿಂದ 4 ಮಿಲಿಮೀಟರ್. ದಪ್ಪ ಕಾಳು ಸಂದಿಯ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ, ಅದರ ಮೇಲೆ ಉಳಿದದ್ದು ನಿಲ್ಲುತ್ತದೆ, ನೋಡಲು ತುಂಬಿದ ಹಾಗೆ ಕಾಣುತ್ತದೆ. ಸಾಲದ್ದಕ್ಕೆ ಬ್ಲಾಕ್ ಹಾಕಿದವರು ಒದ್ದೆ ಮರಳು ಹಾಕಿ ಗುಡಿಸಿ ಹೋಗಿದ್ದರು. ಒದ್ದೆ ಮರಳು ಒಂದಕ್ಕೊಂದು ಅಂಟಿಕೊಂಡು ಕೆಳಗೆ ಇಳಿಯುವುದೇ ಇಲ್ಲ. ಬ್ಲಾಕ್‌ನ ಕೆಳಗಿನ ಹಾಸಿಗೆಗೆ ಎಂ-ಸ್ಯಾಂಡ್ ಸರಿ. ಸಂದಿಗೆ ಬೇಕಾಗಿದ್ದು ಸಣ್ಣ ಮರಳು, ಅಂದರೆ ಗೋಡೆ ಪ್ಲಾಸ್ಟರಿಂಗ್‌ಗೆ ಬಳಸುವ ಪಿ-ಸ್ಯಾಂಡ್. ಅದರ ಕಾಳು 2.36 ಮಿಲಿಮೀಟರ್‌ಗಿಂತ ಸಣ್ಣದು.

ಅಷ್ಟು ಗೊತ್ತಾದ ಮೇಲೂ ನಾನು ನೇರವಾಗಿ ಪಿ-ಸ್ಯಾಂಡ್‌ಗೆ ಹೋಗಲಿಲ್ಲ, ಆನ್‌ಲೈನ್‌ನಲ್ಲಿ ಪಾಲಿಮರ್ ಮರಳು ಅಂತ ನೋಡಿ ಒಂದು 20 ಕೆಜಿ ಚೀಲ ತರಿಸಿದೆ. ಸಾಗಾಣಿಕೆ ಸೇರಿ ಎರಡು ಸಾವಿರ ದಾಟಿತು. ಇದು ಸಣ್ಣ ಮರಳಿಗೆ ಅಂಟು ಬೆರೆಸಿದ ವಸ್ತು, ಸಂದಿಗೆ ತುಂಬಿ ನೀರು ಚಿಮುಕಿಸಿದರೆ ಒಣಗಿ ಗಟ್ಟಿಯಾಗುತ್ತದೆ. ಇರುವೆ ಅಗೆಯಲಾರದು, ಕಳೆ ಹುಟ್ಟುವುದಿಲ್ಲ, ಮಳೆಗೆ ಕೊಚ್ಚಿ ಹೋಗುವುದಿಲ್ಲ ಅಂತ ಚೀಲದ ಮೇಲೆ ಬರೆದಿದೆ.

ಬರೆದದ್ದು ಸುಳ್ಳಲ್ಲ. ಚರಂಡಿ ಪಕ್ಕದ ಮೂರು ಅಡಿ ಪಟ್ಟಿಗೆ ಹಾಕಿದೆ, ಚೀಲ ಅಷ್ಟಕ್ಕೇ ಮುಗಿಯಿತು. ಒಂದೂವರೆ ವರ್ಷ ಆಯಿತು, ಆ ಪಟ್ಟಿಯಲ್ಲಿ ಹೆಚ್ಚು ಕಡಿಮೆ ಎಲ್ಲಾ ಸಂದಿ ಹಾಗೇ ಗಟ್ಟಿಯಾಗಿದೆ. ಆದರೆ ಕೆಲಸ ತುಂಬಾ ನಾಜೂಕು. ಬ್ಲಾಕ್ ಪೂರ್ತಿ ಒಣಗಿರಬೇಕು. ಹಳೇ ಮರಳನ್ನು ಒಂದೂವರೆ ಇಂಚಾದರೂ ಕೆರೆದು ತೆಗೆಯಬೇಕು, ಮೇಲೆ ತೆಳ್ಳಗೆ ಹಾಕಿದರೆ ಚಕ್ಕೆಯಾಗಿ ಎದ್ದು ಬರುತ್ತದೆ. ಬ್ಲಾಕ್ ಮೇಲೆ ಒಂದು ಚೂರು ಪುಡಿಯೂ ಉಳಿಯದ ಹಾಗೆ ಗುಡಿಸಿ ಆಮೇಲೆ ನೀರು ಚಿಮುಕಿಸಬೇಕು. ನಾನು ಒಂದು ಮೂಲೆಯಲ್ಲಿ ಸರಿಯಾಗಿ ಗುಡಿಸಿರಲಿಲ್ಲ, ಅಲ್ಲಿ ಬ್ಲಾಕ್ ಮೇಲೆ ಬಿಳಿ ಪೊರೆ ಕಟ್ಟಿ ಇವತ್ತಿಗೂ ಹೋಗಿಲ್ಲ. ಹಾಕಿದ ಮೇಲೆ ಒಂದು ದಿನವಾದರೂ ಮಳೆ ಬರಬಾರದು. ಜನವರಿ ಫೆಬ್ರವರಿಯಲ್ಲಿ ಮಾಡಿದರೆ ಸರಿ, ಮಳೆಗಾಲದಲ್ಲಿ ಮುಟ್ಟಬೇಡಿ. ಸಂದಿ ತೀರಾ ಇಕ್ಕಟ್ಟಾಗಿದ್ದರೆ ಅದು ಒಳಗೆ ಇಳಿಯುವುದೂ ಇಲ್ಲ. ಇಡೀ ಅಂಗಳಕ್ಕೆ ಹಾಕಲು ನಮಗೆ ಇನ್ನೂ ಐದು ಚೀಲ ಬೇಕಿತ್ತು. ಅಷ್ಟು ದುಡ್ಡಿಗೆ ಅದು ಬೆಲೆ ಬಾಳುತ್ತದೆ ಅಂತ ನನಗೆ ಅನಿಸಲಿಲ್ಲ. ನೀರು ಜೋರಾಗಿ ಹರಿಯುವ ಕಡೆ, ಮಳೆ ಪೈಪ್ ಬೀಳುವ ಕಡೆ ಮಾತ್ರ ಹಾಕಿಸಿ.

ಅಕ್ಕಪಕ್ಕದಲ್ಲಿ ಕೆಲವರು ಸಂದಿಗೆ ಬಿಳಿ ಸಿಮೆಂಟ್ ತುಂಬಿಸಿದ್ದಾರೆ. ದಯವಿಟ್ಟು ಅದು ಬೇಡ. ಇಂಟರ್‌ಲಾಕ್ ಅಂದರೆ ಭಾರ ಬಿದ್ದಾಗ ಕೂದಲೆಳೆಯಷ್ಟು ಅಲುಗಾಡುವ ನೆಲ. ಸಿಮೆಂಟ್ ಅಲುಗಾಡುವುದಿಲ್ಲ, ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಇರುವೆ ಆರಾಮಾಗಿ ಹೋಗಿ ಬರುತ್ತದೆ. ನೀರು ಇಂಗುವುದು ನಿಲ್ಲುತ್ತದೆ. ನಾಳೆ ಒಂದು ಪೈಪ್ ರಿಪೇರಿಗೆ ಬ್ಲಾಕ್ ಎತ್ತಬೇಕು ಅಂದರೆ ಒಡೆದೇ ತೆಗೆಯಬೇಕು.

ಈಗ ಕೆಲಸ ಮಾಡಿದ ವಿಷಯಕ್ಕೆ ಬರುತ್ತೇನೆ. ಸಂದಿ ತುಂಬುವ ಮೊದಲು ಕೆಳಗಿರುವ ಗೂಡನ್ನು ಕಮ್ಮಿ ಮಾಡಬೇಕು, ಇಲ್ಲದಿದ್ದರೆ ಅವು ಮರಳನ್ನು ಮತ್ತೆ ಹೊತ್ತು ಮೇಲೆ ಹಾಕುತ್ತವೆ. ಅದಕ್ಕೆ ಬೋರಿಕ್ ಆಸಿಡ್. ಕೇರಂ ಬೋರ್ಡ್ ಮೇಲೆ ಹಾಕುತ್ತಾರಲ್ಲ, ಆ ಪುಡಿಗಳಲ್ಲಿ ಬಹಳಷ್ಟು ಇದೇ. ಆದರೆ ಎಲ್ಲಾ ಕೇರಂ ಪೌಡರ್ ಬೋರಿಕ್ ಆಸಿಡ್ ಅಲ್ಲ, ಪ್ಯಾಕೆಟ್ ಮೇಲೆ ಓದಿ ತಗೊಳ್ಳಿ. ನಾನು ಮೆಡಿಕಲ್ ಶಾಪ್‌ನಿಂದ ತಂದೆ.

ಇದರಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಜಾಸ್ತಿ ಹಾಕುವುದು. ಜಾಸ್ತಿ ಹಾಕಿದರೆ ತಿಂದ ಇರುವೆ ದಾರಿಯಲ್ಲೇ ಸಾಯುತ್ತದೆ, ಇಲ್ಲಾ ಮುಟ್ಟುವುದೇ ಇಲ್ಲ. ನಮಗೆ ಬೇಕಾಗಿದ್ದು ಅದು ಹೊಟ್ಟೆಯಲ್ಲಿ ತುಂಬಿಕೊಂಡು ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಕೊಡಬೇಕು, ಕೊನೆಗೆ ರಾಣಿಗೂ ಮುಟ್ಟಬೇಕು. 100 ಎಂಎಲ್ ಬೆಚ್ಚಗಿನ ನೀರಿಗೆ 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಆಸಿಡ್. ಅಷ್ಟೇ. ಹತ್ತಿಯಲ್ಲಿ ಅದ್ದಿ ಸಣ್ಣ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ ಮುಚ್ಚಿ ಇಡಿ. ಮಗು, ನಾಯಿ, ಬೆಕ್ಕು ಬಾಯಿ ಹಾಕದ ಹಾಗೆ ಕಲ್ಲು ಹೇರಿ ಇಡಬೇಕು, ಇದು ಮನುಷ್ಯರಿಗೂ ವಿಷವೇ. ಡಬ್ಬಿ ಮೇಲೆ ದೊಡ್ಡದಾಗಿ ಬರೆದಿಡಿ.

ಆದರೆ ನಮ್ಮ ಕೆಂಪಿರುವೆ ಸಕ್ಕರೆ ನೀರಿಗೆ ಅಷ್ಟಾಗಿ ಬರಲಿಲ್ಲ! ಕಾಂಪೌಂಡ್ ಹತ್ತಿರದ ಕಪ್ಪಿರುವೆಗಳು ಮುಗಿಬಿದ್ದವು, ಕೆಂಪಿರುವೆ ಬಂದು ಮೂಸಿ ಹೋದವು. ಆಗ ಮೂರು ಬಾಟಲಿ ಮುಚ್ಚಳ ತಗೊಂಡು ಒಂದರಲ್ಲಿ ಬೆಲ್ಲ, ಒಂದರಲ್ಲಿ ಸಕ್ಕರೆ ನೀರು, ಒಂದರಲ್ಲಿ ಕಡಲೆಕಾಯಿ ಬೀಜದ ಪುಡಿಗೆ ಎಣ್ಣೆ ಕಲಸಿ ಸಾಲಿನ ಪಕ್ಕ ಇಟ್ಟೆ. ಅರ್ಧ ಗಂಟೆಯಲ್ಲಿ ಕಡಲೆಕಾಯಿ ಮುಚ್ಚಳ ಕೆಂಪಗಾಯಿತು, ತಳ ಕಾಣಿಸುತ್ತಿರಲಿಲ್ಲ. ಕೆಂಪಿರುವೆಗೆ ಎಣ್ಣೆ, ಬೀಜ ಇಷ್ಟ. ಹಾಗಾಗಿ ಮೊದಲು ಅದಕ್ಕೆ ಏನು ಬೇಕು ಅಂತ ನೋಡಿ, ಆಮೇಲೆ ಔಷಧಿ ಬೆರೆಸಿ. ಎಣ್ಣೆಯಲ್ಲಿ ಬೋರಿಕ್ ಆಸಿಡ್ ಕರಗುವುದಿಲ್ಲ, ನುಣ್ಣಗೆ ಪುಡಿ ಮಾಡಿ ಚೆನ್ನಾಗಿ ಕಲಸಬೇಕು. ಎರಡು ದಿನಕ್ಕೊಮ್ಮೆ ಬದಲಾಯಿಸಬೇಕು, ಎಣ್ಣೆ ಕಮಟು ಬಂದರೆ ಅವು ಮುಟ್ಟುವುದಿಲ್ಲ. ಮೂರು ವಾರ ಹೀಗೆ ಮಾಡಿದೆ. ಗುಡ್ಡೆಗಳು ಹದಿನಾಲ್ಕರಿಂದ ನಾಲ್ಕಕ್ಕೆ ಇಳಿದವು. ಪೂರ್ತಿ ಹೋಗಲಿಲ್ಲ, ಸುಳ್ಳು ಹೇಳುವುದಿಲ್ಲ. ಬೇಗ ಫಲಿತಾಂಶ ಬೇಕು ಅನ್ನುವವರಿಗೆ ಇದು ಆಗುವುದಿಲ್ಲ, ಮೊದಲ ವಾರ ಇರುವೆ ಜಾಸ್ತಿಯಾದ ಹಾಗೇ ಕಾಣುತ್ತದೆ. ಆ ದಿನಗಳಲ್ಲಿ ಅಲ್ಲಿ ಬೇರೆ ಪುಡಿ, ಸ್ಪ್ರೇ ಹಾಕಬೇಡಿ, ಹಾಕಿದರೆ ಅವು ತಿಂಡಿಯ ಹತ್ತಿರಕ್ಕೇ ಬರುವುದಿಲ್ಲ.

ಆಮೇಲೆ ಪಿ-ಸ್ಯಾಂಡ್. ಹತ್ತಿರದಲ್ಲೇ ಮನೆ ಕಟ್ಟುತ್ತಿದ್ದರು, ಅಲ್ಲಿನ ಮೇಸ್ತ್ರಿಯವರನ್ನು ಕೇಳಿ ದುಡ್ಡು ಕೊಟ್ಟು ಸಿಮೆಂಟ್ ಚೀಲದಲ್ಲಿ ಎರಡು ಮೂಟೆ ತಂದೆ. ಪಾಲಿಮರ್ ಚೀಲದ ಬೆಲೆಯ ಮುಂದೆ ಅದು ಏನೇನೂ ಅಲ್ಲ. ತಂದದ್ದನ್ನು ಟಾರ್ಪಾಲಿನ ಮೇಲೆ ಎರಡು ದಿನ ಬಿಸಿಲಲ್ಲಿ ಹರಡಿದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಆಗದೆ ಬೆರಳ ಸಂದಿಯಿಂದ ಸುರಿದು ಹೋಗಬೇಕು, ಅಲ್ಲಿವರೆಗೆ ಒಣಗಿಸಿ. ಜರಡಿ ಹಿಡಿದು ಕಲ್ಲು ಕಸ ತೆಗೆದೆ. ಹಳೇ ಸಂದಿಯ ಆ ಮುಚ್ಚಳವನ್ನು ಒಂದು ಹಳೇ ಚಾಕುವಿನಿಂದ ಕೆರೆದು ತೆಗೆದೆ. ಇದು ಬೆನ್ನು ಮುರಿಯುವ ಕೆಲಸ, ನನಗೂ ನನ್ನ ಗಂಡನಿಗೂ ಎರಡು ಭಾನುವಾರ ಹಿಡಿಯಿತು. ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲಾ ದಂಡ, ಯಾಕೆಂದರೆ ಮೇಲಿನ ಅಡ್ಡ ತೆಗೆಯದೆ ಹೊಸ ಮರಳು ಕೆಳಗೆ ಹೋಗುವುದು ಹೇಗೆ?

ಒಣ ಮರಳು ಸುರಿದು ಪೊರಕೆಯಿಂದ ಓರೆಯಾಗಿ ಆ ಕಡೆ ಈ ಕಡೆ ಗುಡಿಸಿದರೆ ಮರಳು ಸರಸರ ಅಂತ ಸಂದಿಗೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಒಂದು ಸಂದಿ ನಾಲ್ಕು ಸಲ ತುಂಬಿದರೂ ಮತ್ತೆ ಕುಸಿಯುತ್ತಿತ್ತು, ಅಷ್ಟು ಟೊಳ್ಳು. ಆಮೇಲೆ ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುವ ಅಂಗಡಿಯಿಂದ ಪ್ಲೇಟ್ ಕಂಪ್ಯಾಕ್ಟರ್, ಅಂದರೆ ನೆಲವನ್ನು ಅದುರಿಸಿ ಗಟ್ಟಿ ಮಾಡುವ ಯಂತ್ರ, ಅರ್ಧ ದಿನಕ್ಕೆ ತಂದು, ಬ್ಲಾಕಿನ ಅಂಚು ಒಡೆಯದಿರಲಿ ಅಂತ ಕೆಳಗೆ ರಬ್ಬರ್ ಮ್ಯಾಟ್ ಕಟ್ಟಿ ಓಡಿಸಿದೆವು. ಅದರ ಅದುರಿಗೆ ತುಂಬಿದ್ದ ಸಂದಿಗಳು ಮತ್ತೆ ಬೆರಳಿನಷ್ಟು ಇಳಿದವು. ಮತ್ತೆ ಮರಳು, ಮತ್ತೆ ಕಂಪ್ಯಾಕ್ಟರ್. ಮೂರನೇ ಸಲ ಪೊರಕೆ ಕಡ್ಡಿ ಚುಚ್ಚಿದರೆ ಒಳಗೆ ಹೋಗದೆ ಬಾಗಿತು. ಆ ಕ್ಷಣ ನನಗೆ ಆದ ಖುಷಿ ಹೇಳಲಾರೆ. ಕಂಪ್ಯಾಕ್ಟರ್ ಸಿಗದಿದ್ದರೆ ಹಲಗೆ ಇಟ್ಟು ರಬ್ಬರ್ ಸುತ್ತಿಗೆಯಿಂದ ಹೊಡೆಯಬಹುದು, ನಿಧಾನ ಆಗುತ್ತದೆ. ಒಂದು ತಿಂಗಳು, ಅಂದರೆ ಒಂದೆರಡು ಮಳೆ ಆದ ಮೇಲೆ ಮತ್ತೆ ಒಂದು ಬುಟ್ಟಿ ಒಣ ಮರಳು ಗುಡಿಸಿ. ಎರಡು ಮೂಟೆಯಲ್ಲಿ ನಮಗೆ ಸ್ವಲ್ಪ ಉಳಿಯಿತು, ಅದನ್ನು ಡಬ್ಬದಲ್ಲಿ ಇಟ್ಟಿದ್ದೇನೆ.

ಹದಿನಾಲ್ಕು ತಿಂಗಳಾಯಿತು. ನಡು ಅಂಗಳದಲ್ಲಿ ಒಂದೇ ಒಂದು ಗುಡ್ಡೆ ಬಂದಿಲ್ಲ. ಟಕ್ ಅನ್ನುವ ಬ್ಲಾಕ್ ಕೂಡ ಗಟ್ಟಿಯಾಗಿ ಕೂತಿದೆ. ಬಂದದ್ದು ಎರಡು ಕಡೆ, ಗೇಟಿನ ಕಂಬದ ಬುಡ ಮತ್ತು ಗಿಡದ ಪಾತಿಯ ಅಂಚು. ಎರಡೂ ಕಡೆ ಅಂಚಿಗೆ ಕಲ್ಲು ಕಟ್ಟಿಲ್ಲ, ಮರಳು ಪಕ್ಕಕ್ಕೆ ಜಾರಿ ಹೋಗಿ ಸಂದಿ ಮತ್ತೆ ಬಿಟ್ಟುಕೊಂಡಿದೆ. ಹೊಸದಾಗಿ ಇಂಟರ್‌ಲಾಕ್ ಹಾಕಿಸುವವರು ಅಂಚಿನ ಕಲ್ಲಿಗೆ ಕಾಂಕ್ರೀಟ್ ಹಾಕಿಸಿಕೊಳ್ಳಿ, ಸಂದಿಗೆ ಪಿ-ಸ್ಯಾಂಡ್ ಅಂತ ಬಾಯಿಬಿಟ್ಟು ಹೇಳಿ, ಅವರು ತುಂಬುವಾಗ ಪಕ್ಕದಲ್ಲೇ ನಿಂತು ನೋಡಿ. ದುಡ್ಡು ಕೊಡುವ ಮೊದಲು ಕಡ್ಡಿ ಚುಚ್ಚಿ.

ಅತ್ತೆ ಮೊದಲಿನಿಂದಲೂ ಇರುವೆ ಕೊಲ್ಲುವುದಕ್ಕೆ ಒಪ್ಪುತ್ತಿರಲಿಲ್ಲ. ಹಬ್ಬದ ದಿನ ಅಕ್ಕಿ ಹಿಟ್ಟಿನಲ್ಲೇ ರಂಗೋಲಿ ಹಾಕುತ್ತಾರೆ, ಇರುವೆ ತಿನ್ನಲಿ ಅಂತಲೇ ಹಾಕುವುದು. ಬೋರಿಕ್ ಆಸಿಡ್ ಇಟ್ಟ ಮೂರು ವಾರ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಮೊನ್ನೆ ಯುಗಾದಿಗೆ ಹಾಕಿದ ರಂಗೋಲಿಯನ್ನು ಮಧ್ಯಾಹ್ನ ನನಗೆ ಕರೆದು ತೋರಿಸಿದರು. ಹಿಂದಿನ ಕಾಂಪೌಂಡ್ ಕಡೆಯಿಂದ ಕಪ್ಪಿರುವೆಗಳ ಸಾಲು ಬ್ಲಾಕ್ ದಾಟಿ ಬಂದು, ಹಿಟ್ಟು ಕಚ್ಚಿಕೊಂಡು ಅದೇ ದಾರಿಯಲ್ಲಿ ವಾಪಸ್ ಹೋಗುತ್ತಿತ್ತು. "ಇವು ಇಲ್ಲಿ ಮನೆ ಮಾಡಿಲ್ಲ, ಊಟಕ್ಕೆ ಬಂದಿವೆ, ಇವಕ್ಕೆ ಏನೂ ಮಾಡಬೇಡ" ಅಂದರು. ಏನೂ ಮಾಡಲಿಲ್ಲ.